ಪದಚರ್ಚೆ: ‘ಇಂಟೆಗ್ರಿಟಿ’ಗೆ ಒಂದೇ ಪದ ಬೇಕು, ನಾಳೆ ಹತ್ತು ಗಂಟೆಯೊಳಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ನಮ್ಮ ಕಾಲೇಜಿನಲ್ಲಿ ಸಂಶೋಧನಾ ಪ್ರಬಂಧಗಳ ಪ್ರದರ್ಶನ ಇದೆ. ಬಾಗಿಲಿಗೊಂದು ಫ್ಲೆಕ್ಸ್. ಮೇಲೆ ದೊಡ್ಡದಾಗಿ ‘ಇಂಟೆಗ್ರಿಟಿ’, ಕೆಳಗೆ ನಾಲ್ಕು ಪ್ರಬಂಧಗಳ ಹೆಸರು. ಒಂದು ನರ್ಸಿಂಗಿನದು, ಹಾಸಿಗೆ ಹಿಡಿದವರ ಚರ್ಮದ ಇಂಟೆಗ್ರಿಟಿ. ಇನ್ನೊಂದು ಹಂಪಿಯ ಸ್ಮಾರಕಗಳದು. ಮೂರನೆಯದು ಸೌಂದರ್ಯಶಾಸ್ತ್ರ. ಚೆಲುವಿಗೆ ಮೂರು ಗುಣ ಬೇಕು ಅಂತ 13ನೇ ಶತಮಾನದಲ್ಲಿ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹೇಳಿದ್ದ, ಅದರಲ್ಲಿ ಮೊದಲನೆಯದು ‘ಇಂಟೆಗ್ರಿಟಾಸ್’. ಕೊನೆಯದು ವಿಮೆ ಮಾರುವವರ ಇಂಟೆಗ್ರಿಟಿ.

ನಿಘಂಟಿನಲ್ಲಿ ಪ್ರಾಮಾಣಿಕತೆ, ಸಮಗ್ರತೆ ಎರಡೂ ಇವೆ. ‘ಚರ್ಮದ ಪ್ರಾಮಾಣಿಕತೆ’ ಅಂದರೆ ನಗುತ್ತಾರೆ. ‘ಏಜೆಂಟರ ಸಮಗ್ರತೆ’ ಅಂದರೆ ನನಗೇ ಅರ್ಥವಾಗುವುದಿಲ್ಲ. ನಾಲ್ಕಕ್ಕೂ ಹೊಂದುವ ಒಂದು ಪದ ಹೇಳಿ. ಪ್ರಿಂಟಿನವರು ನಾಳೆ ಹತ್ತಕ್ಕೆ ಫೈಲ್ ಕೇಳಿದ್ದಾರೆ.

— ತುಮಕೂರಿನಿಂದ

*

ಇಡಿತನ.

ಲ್ಯಾಟಿನ್ನಿನಲ್ಲಿ ‘ಇಂಟೆಗರ್’ ಅಂದರೆ ಇಡಿಯಾದದ್ದು. ನಮ್ಮಲ್ಲಿ ಇಡೀ ಊರು, ಇಡೀ ರಾತ್ರಿ ಅಂತೀವಿ. ಅದಕ್ಕೆ ‘ತನ’ ಹಚ್ಚಿದರೆ ಆಯಿತು. ಸಮಗ್ರತೆ, ಅಖಂಡತೆ ಅಂತ ಸಂಸ್ಕೃತದ ಮನೆ ಬಾಗಿಲು ಯಾಕೆ ತಟ್ಟಬೇಕು? ಚರ್ಚೆಯೇ ಬೇಕಿಲ್ಲ.

— ಶಿವಮೊಗ್ಗದಿಂದ

*

> ಇಡಿತನ.

ಇವತ್ತಿನ ಪೇಪರು ನೋಡಿದ್ದೀರಾ? ಮುಖಪುಟದಲ್ಲೇ ‘ಇ.ಡಿ. ದಾಳಿ’. ವಿಮೆಯವರ ಪ್ರಬಂಧದ ಮೇಲೆ ‘ಇಡಿತನ’ ಅಂತ ಹಾಕಿದರೆ ಏಜೆಂಟರು ಒಳಗೇ ಬರುವುದಿಲ್ಲ.

ಇನ್ನು ನಿಮ್ಮ ಅಚ್ಚಗನ್ನಡದ ‘ತನ’ ಪ್ರಾಕೃತದ ‘ತ್ತಣ’ದಿಂದ ಬಂದದ್ದು ಅಂತ ಹೇಳುವ ಭಾಷಾವಿಜ್ಞಾನಿಗಳು ಇದ್ದಾರೆ. ಬಾಗಿಲು ತಟ್ಟುವುದು ಬೇಡ ಅಂದವರು ಹಿತ್ತಲಿನಿಂದ ಒಳಗೆ ಹೋಗಿದ್ದೀರಿ.

— ಮೈಸೂರಿನಿಂದ

*

ಪದ ಎಲ್ಲರ ಮನೆಯಲ್ಲೂ ಇದೆ, ಯಾರಿಗೂ ಕಾಣುತ್ತಿಲ್ಲ. ಅಕ್ಷತ!

‘ಕ್ಷತ’ ಅಂದರೆ ಗಾಯ, ಮುರಿದದ್ದು. ಆಯುರ್ವೇದದಲ್ಲಿ ಎದೆಗೆ ಒಳಪೆಟ್ಟಾದರೆ ಉರಃಕ್ಷತ ಅಂತಾರೆ. ಮುರಿಯದ ಅಕ್ಕಿಕಾಳು ಅಕ್ಷತೆ. ನಮ್ಮಜ್ಜಿ ಮದುವೆಗೆ ಮುಂಚೆ ಮೊರದಲ್ಲಿ ಅಕ್ಕಿ ಹರಡಿಕೊಂಡು ನುಚ್ಚನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಆಚೆ ತಳ್ಳುತ್ತಿದ್ದಳು. ಕೊನೆ ಮುರಿದ ಕಾಳು ಕಂಡರೆ ‘ಇದು ಸಾರಿನನ್ನಕ್ಕೆ’ ಅಂತ ಬೇರೆ ಇಡುತ್ತಿದ್ದಳು. ಆಮೇಲೆ ಅರಿಶಿನ ಕಲಸುವುದು. ಗಾಯವಾಗದ ಚರ್ಮ, ಮುರಿಯದ ಕಂಬ, ಕೆಡದ ಮಾತು, ಮೂರಕ್ಕೂ ಅಕ್ಷತ ಸಲ್ಲುತ್ತದೆ. ಫ್ಲೆಕ್ಸಿಗೆ ‘ಅಕ್ಷತತೆ’ ಅಂತ ಹಾಕಿ.

— ಶಿರಸಿಯಿಂದ

*

ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು. ‘ಅಕ್ಷತತೆ’ ಅಂದರೆ ನಮ್ಮ ಹುಡುಗಿಯರು ಯಾರ ಮದುವೆ ಅಂತ ಕೇಳುತ್ತಾರೆ.

ಎರಡೆರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸುತ್ತೇವೆ. ಆಗ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯಾ ಅಂತ ನೋಡಬೇಕು. ಬೆರಳಿನಿಂದ ಒತ್ತಿದರೆ ಕೆಂಪು ಹೋಗಿ ಮತ್ತೆ ಬಂದರೆ ಸದ್ಯ ಪರವಾಗಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಅಲ್ಲಿಂದಲೇ ಒತ್ತುಹುಣ್ಣು ಶುರು. ಡ್ಯೂಟಿ ಬದಲಾಗುವಾಗ ಕೇಳುವುದು ಒಂದೇ ಮಾತು: ‘ಬೆನ್ನು ಒಡೆದಿಲ್ಲ ಅಲ್ವಾ?’ ಕನ್ನಡದಲ್ಲಿ ಇದಕ್ಕೆ ನಾಮಪದ ಇಲ್ಲ. ‘ಇಲ್ಲ’ ಅನ್ನುವ ಕ್ರಿಯಾಪದವೇ ಸಾಕಾಗಿದೆ.

— ಹುಬ್ಬಳ್ಳಿಯಿಂದ

*

ಹುಬ್ಬಳ್ಳಿಯವರು ಹೇಳಿದ್ದು ಸರಿ. ಆದರೆ ಸ್ಮಾರಕದ ವಿಷಯದಲ್ಲಿ ಅಷ್ಟು ಸುಲಭ ಇಲ್ಲ.

ಹಂಪಿಯ ಉಗ್ರನರಸಿಂಹನನ್ನೇ ನೋಡಿ. 1528ರದು. ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ. ಮಂಡಿಗಳಿಗೆ ಅಡ್ಡವಾಗಿರುವ ಕಲ್ಲಿನ ಪಟ್ಟಿ ನಮ್ಮ ಕಾಲದಲ್ಲಿ ಕೂರಿಸಿದ್ದು. ಇದನ್ನು ಅಕ್ಷತ ಅನ್ನುತ್ತೀರಾ, ಇಡಿ ಅನ್ನುತ್ತೀರಾ? ದೇವಸ್ಥಾನದವರಾದರೆ ‘ವಿಗ್ರಹ ಭಿನ್ನವಾಗಿದೆ’ ಅಂದು ಪೂಜೆ ನಿಲ್ಲಿಸುತ್ತಾರೆ. ಅಕ್ವಿನಾಸನದೂ ಇದೇ ಮಾತು. ಏನಾದರೂ ಕಡಿಮೆಯಾದದ್ದು ಅಷ್ಟರಿಂದಲೇ ಕುರೂಪ ಅಂತ. ಯುನೆಸ್ಕೊ ಮಾತ್ರ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆಯಲಿಲ್ಲ. 1999ರಲ್ಲಿ ಅವರು ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿದ್ದು ಕೈಕಾಲು ಮುರಿದ ವಿಗ್ರಹಗಳಿಗಾಗಿ ಅಲ್ಲ, ಆನೆಗೊಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆಗಾಗಿ. 2006ರಲ್ಲಿ ಅಪಾಯದ ಪಟ್ಟಿಯಿಂದ ಹೊರಗೆ ತೆಗೆದರು. ಆ ಸೇತುವೆ 2009ರಲ್ಲಿ ಕುಸಿಯಿತು, ಅದು ಬೇರೆ ಕಥೆ. ಅಂದರೆ ಅಲ್ಲಿ ಇಂಟೆಗ್ರಿಟಿ ಕಲ್ಲಿನಲ್ಲಿ ಮಾತ್ರ ಇಲ್ಲ. ನದಿ, ಬಂಡೆ, ಗದ್ದೆ, ದಾರಿ ಒಂದಕ್ಕೊಂದು ಹೊಂದಿಕೊಂಡಿರುವುದರಲ್ಲೂ ಇದೆ.

ನನ್ನ ವೋಟು ‘ಮುಕ್ಕಾಗದಿರುವುದು’. ಪಾತ್ರೆ, ವಿಗ್ರಹ, ಮಾನ, ಎಲ್ಲಕ್ಕೂ ಮುಕ್ಕು ಬರುತ್ತದೆ.

— ಹೊಸಪೇಟೆಯಿಂದ

*

ನಾಲ್ಕನೆಯದನ್ನು ಎಲ್ಲರೂ ಮರೆತಿದ್ದೀರಿ. ಮಾರುವವನಿಗೆ ಬೇಕಾದ್ದು ನಿಯತ್ತು. ಇಪ್ಪತ್ತು ವರ್ಷ ಕಟ್ಟುವ ಪಾಲಿಸಿಯನ್ನು ‘ಸುಮ್ನೆ ಎಫ್‌ಡಿ ಇದ್ದ ಹಾಗೆ ಸಾರ್’ ಅಂತ ನನ್ನ ಅಪ್ಪನಿಗೆ ದಾಟಿಸಿದವನಿಗೆ ಇಲ್ಲದೆ ಇದ್ದದ್ದು ಅದೇ. ಅಪ್ಪ ಅವನಿಗೆ ‘ಪ್ರಾಮಾಣಿಕತೆ ಇಲ್ಲ’ ಅನ್ನಲಿಲ್ಲ. ‘ನಿಯತ್ತಿಲ್ಲದೋನು’ ಅಂದರು.

— ಕಲಬುರಗಿಯಿಂದ

*

> ನಿಯತ್ತು

ಅರಬ್ಬಿ.

— ಶಿವಮೊಗ್ಗದಿಂದ

*

ಹೌದು, ಅರಬ್ಬಿ. ನಗದು, ಬಾಕಿ, ಜಮೆ, ಖರ್ಚು, ರಶೀದಿ, ಕರಾರು, ದಲ್ಲಾಳಿ ಎಲ್ಲ ಆ ಕಡೆಯವೇ. ಇವನ್ನು ತೆಗೆದುಹಾಕಿ ಒಂದು ದಿನ ಅಂಗಡಿ ನಡೆಸಿ ತೋರಿಸಿ. ಕಲಬುರಗಿಯಲ್ಲಿ ‘ನಿಯತ್ತು’ ಯಾರಿಗೂ ಪರಭಾಷೆ ಅನ್ನಿಸಿಲ್ಲ. ನಿಮ್ಮ ‘ಇಡಿತನ’ ಅನ್ನಿಸುತ್ತದೆ.

— ಕಲಬುರಗಿಯಿಂದ

*

> ಒಂದು ದಿನ ಅಂಗಡಿ ನಡೆಸಿ ತೋರಿಸಿ

ನಡೆಸಿದ್ದೇನೆ, ಹನ್ನೊಂದು ವರ್ಷ. ಕೊಡು, ಕೊಳ್ಳು, ಬೆಲೆ, ಸಾಲ. ಲೆಕ್ಕ ಎಲ್ಲೂ ತಪ್ಪಲಿಲ್ಲ.

— ಶಿವಮೊಗ್ಗದಿಂದ

*

‘ಲೆಕ್ಕ’ ಸಂಸ್ಕೃತದ ‘ಲೇಖ್ಯ’ದಿಂದ ಬಂದದ್ದು ಅಂತಾರಲ್ಲ ಸ್ವಾಮಿ.

— ಮೈಸೂರಿನಿಂದ

*

ಎಲ್ಲರಿಗೂ ಥ್ಯಾಂಕ್ಸ್. ಫೈಲ್ ಕಳಿಸಿದೆ. ಒಂದೇ ಪದ ಅನ್ನುವ ಹಟ ಬಿಟ್ಟೆ. ಕೆಳಗೆ ‘ಒಡೆಯದ ಚರ್ಮ’, ‘ಹಂಪಿ: ಯಾವುದು ಉಳಿದರೆ ಉಳಿದಂತೆ?’, ‘ಚೆಲುವಿಗೆ ಕುಂದು’, ‘ಮಾರುವವರ ನಿಯತ್ತು’ ಅಂತ ಬರೆದೆ. ಮೇಲೆ ದೊಡ್ಡದಾಗಿ ‘ಮುಕ್ಕಾಗದಂತೆ’. ಪ್ರಿನ್ಸಿಪಾಲರು ಎರಡು ಸಲ ಓದಿ ತಲೆಯಾಡಿಸಿದರು. ಹೌದು ಅಂತಲೋ ಬೇಡ ಅಂತಲೋ ತಿಳಿಯಲಿಲ್ಲ.

— ತುಮಕೂರಿನಿಂದ

*

‘ಮುಕ್ಕು’ ಅಂದರೆ ಗಬಗಬ ತಿನ್ನುವುದು ಅಂತಲೂ ಇದೆ. ಪ್ರದರ್ಶನದಲ್ಲಿ ಊಟದ ವ್ಯವಸ್ಥೆ ಇದೆಯಾ?

— ಮೈಸೂರಿನಿಂದ