ಯೆರೆಮೀಯನ ಎಪ್ಪತ್ತು ವರ್ಷಗಳನ್ನು ಬಾಬೆಲಿನ ಅರಸರ ಆಳ್ವಿಕೆಯ ಲೆಕ್ಕಕ್ಕೆ ಹೊಂದಿಸುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಯುವಕರಿಗೆ ಸತ್ಯವೇದದ ಪಾಠ ಹೇಳುವ ಹೊಣೆ ನನ್ನದು. ಈಗ ಯೆರೆಮೀಯನ ಗ್ರಂಥ ನಡೆಯುತ್ತಿದೆ. ಯೆಹೂದವೂ ಸುತ್ತಲಿನ ಜನಾಂಗಗಳೂ ಎಪ್ಪತ್ತು ವರ್ಷ ಬಾಬೆಲಿನ ಅರಸನಿಗೆ ಅಡಿಯಾಳಾಗಿರುವರೆಂದು 25ನೆಯ ಅಧ್ಯಾಯದಲ್ಲಿ ಓದಿದಾಗ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಅಲ್ಲಿಯೇ ಲೆಕ್ಕ ಮಾಡಿ, ಬಾಬೆಲಿನವರು ಯೆರೂಸಲೇಮಿನ ದೇವಾಲಯ ಸುಟ್ಟದ್ದು ಕ್ರಿ.ಪೂ. 586, ಸೆರೆಯವರು ಮರಳಲು ಪಾರಸಿಯ ಅರಸ ಕೋರೆಷನು ಅಪ್ಪಣೆ ಕೊಟ್ಟದ್ದು 538, ಇದು ನಲವತ್ತೆಂಟೇ ಆಯಿತಲ್ಲ, ಉಳಿದ ಇಪ್ಪತ್ತೆರಡು ವರ್ಷಗಳು ಎಲ್ಲಿ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಸುಮ್ಮನಾಗಿಸುವ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಜೊತೆಗೆ ಇನ್ನೆರಡು ತೊಡಕುಗಳಿವೆ. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿಗೆ ಬಂದದ್ದು ಯೆಹೂದದ ಅರಸ ಯೆಹೋಯಾಕೀಮನ ಆಳ್ವಿಕೆಯ ಮೂರನೆಯ ವರ್ಷದಲ್ಲಿ ಎಂದು ದಾನಿಯೇಲನ ಗ್ರಂಥ ತೊಡಗುತ್ತದೆ. ಯೆರೆಮೀಯನಾದರೋ ಯೆಹೋಯಾಕೀಮನ ನಾಲ್ಕನೆಯ ವರ್ಷವೇ ನೆಬೂಕದ್ನೆಚ್ಚರನ ಮೊದಲನೆಯ ವರ್ಷ ಎನ್ನುತ್ತಾನೆ. ಯೆಹೋಯಾಕೀಮನ ಮಗನೂ ಅವನ ಮುಂದಿನ ಅರಸನೂ ಆದ ಯೆಹೋಯಾಖೀನನನ್ನು ಸೆರೆಯೊಯ್ದದ್ದು ನೆಬೂಕದ್ನೆಚ್ಚರನ ಎಂಟನೆಯ ವರ್ಷವೆಂದು ಎರಡನೆಯ ಅರಸುಗಳು 24ರಲ್ಲಿದೆ, ಏಳನೆಯ ವರ್ಷವೆಂದು ಯೆರೆಮೀಯ 52ರಲ್ಲಿದೆ. ಯಾರೋ ಕೊಟ್ಟ ಒಂದು ಕಿರುಹೊತ್ತಗೆಯಲ್ಲಿ ಯೆರೂಸಲೇಮಿನ ನಾಶವನ್ನೇ ಕ್ರಿ.ಪೂ. 607ಕ್ಕೆ ಒಯ್ದು ಎಪ್ಪತ್ತನ್ನು ಸರಿಹೊಂದಿಸಿದ್ದಾರೆ. ಅದನ್ನು ನಂಬಬಹುದೇ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಸಾಗರದಿಂದ, ನಿವೃತ್ತ ಇತಿಹಾಸ ಉಪನ್ಯಾಸಕ)

ತಾವು ಕೇಳಿರುವುದರಲ್ಲಿ ಒಂದು ವರ್ಷದ ಅಂತರ ಬೇರೆ, ಇಪ್ಪತ್ತು ವರ್ಷದ ಅಂತರ ಬೇರೆ. ಇವೆರಡನ್ನೂ ಒಂದೇ ಮದ್ದಿನಿಂದ ವಾಸಿಮಾಡಲು ಹೋಗಬಾರದು. ಮೊದಲನೆಯದರ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳ ಕಾಲವನ್ನು ನಿರ್ಣಯಿಸುವಾಗ, ಕಲ್ಲಿನ ಮೇಲೆ ಶಕವರ್ಷ ಸ್ಪಷ್ಟವಾಗಿದ್ದರೂ, ಅದು ಗತವರ್ಷವೋ ವರ್ತಮಾನ ವರ್ಷವೋ ಎಂದು ಮೊದಲು ಕೇಳಬೇಕಾಗುತ್ತದೆ. ಕಳೆದ ವರ್ಷಗಳನ್ನು ಎಣಿಸಿದವನಿಗೂ ನಡೆಯುತ್ತಿರುವ ವರ್ಷವನ್ನು ಸೇರಿಸಿಕೊಂಡವನಿಗೂ ಒಂದು ವರ್ಷದ ವ್ಯತ್ಯಾಸ ಬಂದೇ ಬರುತ್ತದೆ, ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ಸಂವತ್ಸರದ ಹೆಸರು, ತಿಥಿ, ವಾರ, ಗ್ರಹಣದ ಉಲ್ಲೇಖ ಇವುಗಳಿಂದ ನಿಜವಾದ ವರ್ಷವನ್ನು ಗೊತ್ತುಮಾಡುತ್ತೇವೆ. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನದೇ ಚಾಳುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ ಮೇಲಂತೂ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕಾಗುತ್ತದೆ.

ಬಾಬೆಲಿನಲ್ಲಿಯೂ ಇಂಥದೇ ಸಂಗತಿ ಇತ್ತು. ಅರಸನು ಪಟ್ಟವೇರಿದ ದಿನದಿಂದ ಮುಂದಿನ ಯುಗಾದಿಯವರೆಗಿನ ಅವಧಿಯನ್ನು ಅಲ್ಲಿನ ಲಿಪಿಕಾರರು ಪಟ್ಟವೇರಿದ ವರ್ಷ ಎಂದಷ್ಟೇ ಕರೆದು ಎಣಿಕೆಗೆ ಸೇರಿಸುತ್ತಿರಲಿಲ್ಲ. ವಸಂತದಲ್ಲಿ ನಿಸಾನ್ ತಿಂಗಳು ಬಂದಾಗಲೇ ಮೊದಲನೆಯ ವರ್ಷ ಶುರುವಾಗುತ್ತಿತ್ತು. ಬೇರೆಡೆಗಳಲ್ಲಿ ಪಟ್ಟವೇರಿದ ವರ್ಷವನ್ನೇ ಒಂದು ಎಂದು ಎಣಿಸುವ ರೂಢಿಯೂ ಇತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಬಾಬೆಲಿನ ವೃತ್ತಾಂತದ ಮಣ್ಣಿನ ಫಲಕವೊಂದರಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ನೆಬೊಪೊಲಾಸ್ಸರನು ತನ್ನ 21ನೆಯ ವರ್ಷದ ಅಬು ತಿಂಗಳ 8ರಂದು ಸತ್ತನು. ಕರ್ಕೆಮೀಷಿನಲ್ಲಿ ಈಜಿಪ್ಟಿನವರನ್ನು ಸೋಲಿಸಿದ್ದ ಮಗ ನೆಬೂಕದ್ನೆಚ್ಚರನು ರಾಜಧಾನಿಗೆ ಮರಳಿ ಮುಂದಿನ ತಿಂಗಳಾದ ಉಲೂಲು 1ರಂದು ಪಟ್ಟವೇರಿದನು. ಇದು ಕ್ರಿ.ಪೂ. 605ರ ಆಗಸ್ಟ್ ಮತ್ತು ಸೆಪ್ಟೆಂಬರ್. ಆದರೂ ಅವನ ಮೊದಲನೆಯ ವರ್ಷ ಶುರುವಾಗುವುದು 604ರ ವಸಂತದಲ್ಲಿ.

ಅದೇ ಫಲಕದ ಪ್ರಕಾರ ಅವನು ಯೆಹೂದದ ಪಟ್ಟಣವನ್ನು ಹಿಡಿದದ್ದು ಏಳನೆಯ ವರ್ಷದ ಅದ್ದಾರು ತಿಂಗಳ 2ರಂದು, ಅಂದರೆ ಕ್ರಿ.ಪೂ. 597ರ ಮಾರ್ಚ್ 16ರಂದು. ಅದ್ದಾರು ವರ್ಷದ ಕೊನೆಯ ತಿಂಗಳು. ಹಾಗಾಗಿ ಬಾಬೆಲಿನ ಎಣಿಕೆಯಲ್ಲಿ ಏಳು. ಪಟ್ಟವೇರಿದ ವರ್ಷವನ್ನು ಸೇರಿಸಿದರೆ ಎಂಟು. ತಾವು ಗಮನಿಸಿರಲಾರದ ಇನ್ನೊಂದು ಉದಾಹರಣೆ ಯೆರೆಮೀಯ 52ರಲ್ಲಿಯೇ ಇದೆ: ದೇವಾಲಯ ಸುಟ್ಟದ್ದನ್ನು 12ನೆಯ ವಚನ ಹತ್ತೊಂಬತ್ತನೆಯ ವರ್ಷದಲ್ಲಿ ಇಡುತ್ತದೆ, 832 ಮಂದಿಯನ್ನು ಸೆರೆಯೊಯ್ದದ್ದನ್ನು 29ನೆಯ ವಚನ ಹದಿನೆಂಟನೆಯ ವರ್ಷದಲ್ಲಿ ಇಡುತ್ತದೆ. ಒಂದೇ ಅಧ್ಯಾಯದಲ್ಲಿ ಎರಡು ಕಡತಗಳ ಎಣಿಕೆ ಅಕ್ಕಪಕ್ಕ ಉಳಿದುಕೊಂಡಿದೆ ಎಂದೇ ನನ್ನ ಅಭಿಪ್ರಾಯ.

ದಾನಿಯೇಲನ ಮೂರನೆಯ ವರ್ಷಕ್ಕೂ ಯೆರೆಮೀಯನ ನಾಲ್ಕನೆಯ ವರ್ಷಕ್ಕೂ ಸಾಮಾನ್ಯವಾಗಿ ಇದೇ ಸಮಾಧಾನವನ್ನು ಹೇಳುತ್ತಾರೆ. ಯೆಹೋಯಾಕೀಮನು 609ರ ಶರತ್ಕಾಲದ ಹೊತ್ತಿಗೆ ಪಟ್ಟಕ್ಕೆ ಬಂದವನು. ವರ್ಷವು ಶರತ್ಕಾಲದಲ್ಲಿ ಆರಂಭವಾಗುತ್ತದೆಂದು ಇಟ್ಟುಕೊಂಡರೆ 605ರ ಬೇಸಿಗೆ ಒಂದು ಎಣಿಕೆಯಲ್ಲಿ ಮೂರನೆಯ ವರ್ಷಕ್ಕೂ ಇನ್ನೊಂದರಲ್ಲಿ ನಾಲ್ಕನೆಯ ವರ್ಷಕ್ಕೂ ಸೇರುತ್ತದೆ. ಆದರೆ ಆ ವರ್ಷ ಯೆರೂಸಲೇಮಿಗೆ ಮುತ್ತಿಗೆ ಹಾಕಿದ ಮಾತನ್ನು ಬಾಬೆಲಿನ ವೃತ್ತಾಂತ ಹೇಳುವುದಿಲ್ಲ ಎಂಬುದನ್ನೂ ಯುವಕರಿಗೆ ತಿಳಿಸಿರಿ.

ಉತ್ತರ 2 (ಭದ್ರಾವತಿಯಿಂದ, ಸಭಾಪಾಲಕ)

ಮೇಷ್ಟ್ರು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. 607ರ ಲೆಕ್ಕವನ್ನು ದಯವಿಟ್ಟು ಪಾಠದಲ್ಲಿ ಸೇರಿಸಬೇಡಿರಿ. ಬಾಬೆಲಿನ ಅರಸರ ಆಳ್ವಿಕೆ ಹೀಗಿದೆ: ನೆಬೂಕದ್ನೆಚ್ಚರ 43 ವರ್ಷ, ಅವನ ಮಗ ಎವೀಲ್ಮೆರೋದಕ 2, ನೇರಿಗ್ಲಿಸ್ಸರ್ 4, ಅವನ ಮಗ ಕೆಲವೇ ತಿಂಗಳು, ನಬೊನಿಡಸ್ 17. ದಾನಿಯೇಲನ ಗ್ರಂಥದಲ್ಲಿ ಬರುವ ಬೇಲ್ಶಚ್ಚರನು ಈ ನಬೊನಿಡಸನ ಮಗ. ತಂದೆ ದೂರದಲ್ಲಿದ್ದಾಗ ಆಡಳಿತ ನೋಡಿಕೊಂಡವನು, ಆದ್ದರಿಂದ ಅವನಿಗೆ ಬೇರೆ ವರ್ಷಗಳಿಲ್ಲ. ಒಟ್ಟು 66. ಕ್ರಿ.ಪೂ. 539ರ ಅಕ್ಟೋಬರದಲ್ಲಿ ಬಾಬೆಲು ಕೋರೆಷನ ಕೈಸೇರಿತು. ಅಲ್ಲಿಂದ ಹಿಂದಕ್ಕೆ 66 ಎಣಿಸಿದರೆ 605ಕ್ಕೇ ಬಂದು ನಿಲ್ಲುತ್ತೇವೆ. ನಾಶವನ್ನು 607ಕ್ಕೆ ಒಯ್ಯಬೇಕಾದರೆ ನಡುವೆ ಯಾರೋ ಒಬ್ಬ ಅರಸನಿಗೆ ಇನ್ನೂ ಇಪ್ಪತ್ತು ವರ್ಷ ಕೊಡಬೇಕು. ಸಾಲ, ಜಮೀನು, ಬಾರ್ಲಿಯ ವ್ಯವಹಾರಗಳನ್ನು ಅರಸನ ವರ್ಷ, ತಿಂಗಳು, ದಿನ ಹಾಕಿ ಬರೆದಿಟ್ಟ ಸಾವಿರಾರು ಮಣ್ಣಿನ ಪತ್ರಗಳು ಆ ಕಾಲದಿಂದ ಉಳಿದಿವೆ. ಆ ಇಪ್ಪತ್ತು ವರ್ಷಗಳ ಪತ್ರ ಒಂದೂ ಇಲ್ಲ. ಬರ್ಲಿನ್ನಿನಲ್ಲಿರುವ ಮತ್ತೊಂದು ಫಲಕದಲ್ಲಿ ನೆಬೂಕದ್ನೆಚ್ಚರನ 37ನೆಯ ವರ್ಷದ ಚಂದ್ರ ಮತ್ತು ಗ್ರಹಗಳ ಸ್ಥಾನಗಳು ದಾಖಲಾಗಿವೆ, ಅವು ಕ್ರಿ.ಪೂ. 568–567ಕ್ಕೆ ಹೊಂದುತ್ತವೆ. ಆಕಾಶದ ಸಾಕ್ಷಿಯನ್ನು ಬದಲಿಸಲಾಗದು.

ಹಾಗಾದರೆ ಎಪ್ಪತ್ತು ಎಲ್ಲಿ? ಯೆರೆಮೀಯ 25ನ್ನು ಇನ್ನೊಮ್ಮೆ ನಿಧಾನವಾಗಿ ಓದಿರಿ. ಅಲ್ಲಿ ಎಪ್ಪತ್ತು ವರ್ಷ ಹೇಳಿರುವುದು ಜನಾಂಗಗಳು ಬಾಬೆಲಿಗೆ ಅಧೀನವಾಗಿರುವುದಕ್ಕೆ. ಎಪ್ಪತ್ತು ತುಂಬಿದ ಮೇಲೆ ದಂಡನೆಗೆ ಗುರಿಯಾಗುವವನು ಬಾಬೆಲಿನ ಅರಸ. ಅಂದಮೇಲೆ ಕೊನೆಯ ಗಡಿ 539. ಮೊದಲ ಗಡಿ 609: ಅಶ್ಶೂರದ ಕಡೆಯ ಅರಸನು ಈಜಿಪ್ಟಿನ ನೆರವಿನಿಂದ ಹಾರಾನನ್ನು ಮರಳಿ ಗೆಲ್ಲಲು ಹೋಗಿ ವಿಫಲನಾದ ವರ್ಷ, ಆ ದಂಡನ್ನು ತಡೆಯಲು ಹೋಗಿ ಯೆಹೂದದ ಅರಸ ಯೋಷೀಯನು ಮೆಗಿದ್ದೋವಿನಲ್ಲಿ ಮಡಿದ ವರ್ಷವೂ ಅದೇ. ಲೆಕ್ಕ ಸರಿಯಾಗಿ ಎಪ್ಪತ್ತು.

ಉತ್ತರ 3 (ಶಿವಮೊಗ್ಗದಿಂದ, ಧರ್ಮೋಪದೇಶ ತರಗತಿಯ ಶಿಕ್ಷಕಿ)

ಪಾಸ್ಟರ್ ಅವರ ಮಾತಿನಲ್ಲಿ 607ರ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. 609ರ ಬಗ್ಗೆ ಮಾತ್ರ ಸ್ವಲ್ಪ ತಡೆಯಬೇಕೆನ್ನಿಸುತ್ತದೆ. ಯೋಷೀಯನು ಸತ್ತ ಮೇಲೆ ಯೆಹೂದವು ಹೋದದ್ದು ಫರೋಹ ನೆಕೋವಿನ ಕೈಗೆ; ಯೆಹೋಯಾಕೀಮನನ್ನು ಪಟ್ಟಕ್ಕೇರಿಸಿದವನೂ ಅವನೇ, ಕಪ್ಪ ವಸೂಲಿ ಮಾಡಿದವನೂ ಅವನೇ. ಕರ್ಕೆಮೀಷಿನ ಯುದ್ಧದವರೆಗೆ ಈ ನಾಡು ಬಾಬೆಲಿಗೆ ಅಡಿಯಾಳಾಗಿರಲಿಲ್ಲ. 605ರಿಂದ ಎಣಿಸಿದರೆ 539ಕ್ಕೆ ಅರುವತ್ತಾರು. ಎಪ್ಪತ್ತು ಎಂಬುದನ್ನು ಒಂದು ತುಂಬು ಆಯುಷ್ಯದ ಅಳತೆಯಾಗಿ ಪ್ರವಾದಿ ಹೇಳಿರಬಹುದೆಂದು ತಿಳಿದರೆ ಪ್ರವಾದನೆಯ ಗೌರವಕ್ಕೆ ಕುಂದೇನೂ ಬರುವುದಿಲ್ಲ.

ಮೇಲಾಗಿ ಸತ್ಯವೇದದ ಬೇರೆ ಲೇಖಕರು ಇದೇ ಎಪ್ಪತ್ತನ್ನು ಬೇರೆ ಆರಂಭದಿಂದ ಎಣಿಸಿದ್ದಾರೆ. ಪಾರಸಿಯ ಅರಸ ದಾರ್ಯಾವೆಷನ ಎರಡನೆಯ ವರ್ಷದಲ್ಲಿ, ಕ್ರಿ.ಪೂ. 520–519ರಲ್ಲಿ, ಈ ಎಪ್ಪತ್ತು ವರ್ಷ ಯೆರೂಸಲೇಮಿನ ಮೇಲೆ ಕೋಪವಿಟ್ಟೆಯಲ್ಲ ಎಂಬ ಮೊರೆ ಜೆಕರ್ಯನ ಮೊದಲನೆಯ ಅಧ್ಯಾಯದಲ್ಲಿದೆ. ಆ ಕೂಗು ದೇವಾಲಯ ಬಿದ್ದಲ್ಲಿಂದ ಎಣಿಸುತ್ತದೆ. ದಾರ್ಯಾವೆಷನ ಆರನೆಯ ವರ್ಷದ ಅದಾರ್ ತಿಂಗಳಲ್ಲಿ, ಅಂದರೆ 515ರ ವಸಂತದಲ್ಲಿ, ಆಲಯ ಮತ್ತೆ ಎದ್ದಿತೆಂದು ಎಜ್ರನ ಗ್ರಂಥ ಹೇಳುತ್ತದೆ. ಪೂರ್ವಕಾಲವೃತ್ತಾಂತದವನಾದರೋ ಭೂಮಿಯು ತನ್ನ ಸಬ್ಬತ್ತಿನ (ವಿಶ್ರಾಂತಿಯ) ವರ್ಷಗಳನ್ನು ಅನುಭವಿಸಿತೆಂದು ಎಪ್ಪತ್ತಕ್ಕೆ ಇನ್ನೊಂದು ಅರ್ಥ ಕೊಡುತ್ತಾನೆ. ಇವರೆಲ್ಲರ ಮಾತನ್ನು ಒಂದೇ ಗೆರೆಯ ಮೇಲೆ ಕೂರಿಸಲು ಹೋದರೆ ಯಾರಾದರೊಬ್ಬರ ಬಾಯಿ ಮುಚ್ಚಿಸಬೇಕಾಗುತ್ತದೆ.

ತರಗತಿಯಲ್ಲಿ ಲೆಕ್ಕವನ್ನೇ ಮಾಡಿಸಬೇಕೆಂದಿದ್ದರೆ ಯೆಹೋಯಾಖೀನನ ಲೆಕ್ಕವನ್ನು ಮಾಡಿಸಿರಿ. ಅವನ ಸೆರೆಯ 37ನೆಯ ವರ್ಷದ ಹನ್ನೆರಡನೆಯ ತಿಂಗಳಲ್ಲಿ, ಎವೀಲ್ಮೆರೋದಕನು ಪಟ್ಟಕ್ಕೆ ಬಂದ ವರ್ಷದಲ್ಲಿ ಅವನಿಗೆ ಬಿಡುಗಡೆಯಾಯಿತು. ಸೆರೆಯಾದದ್ದು ನೆಬೂಕದ್ನೆಚ್ಚರನ ಏಳನೆಯ ವರ್ಷ. ಅದನ್ನೇ ಒಂದು ಎಂದು ಹಿಡಿದರೆ ಮೂವತ್ತೇಳನೆಯದು ನೆಬೂಕದ್ನೆಚ್ಚರನ ನಲವತ್ತಮೂರನೆಯ ವರ್ಷ, ಅವನು ಸತ್ತು ಮಗನು ಪಟ್ಟವೇರಿದ ವರ್ಷ. ಇಸ್ರಾಯೇಲ್ಯರ ಲೇಖಕನೂ ಬಾಬೆಲಿನ ಗುಮಾಸ್ತರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ವರ್ಷಕ್ಕೆ ಬಂದು ತಲುಪುತ್ತಾರೆ! ಬಾಬೆಲಿನ ಅರಮನೆಯ ಅವಶೇಷಗಳಲ್ಲಿ ಸಿಕ್ಕಿದ ಪಡಿಯ ಫಲಕಗಳಲ್ಲಿ ಯೆಹೂದದ ಅರಸನಿಗೂ ಅವನ ಐವರು ಗಂಡುಮಕ್ಕಳಿಗೂ ಅಳೆದು ಕೊಟ್ಟ ಎಣ್ಣೆಯ ಲೆಕ್ಕವಿದೆ. ಆ ಫಲಕಗಳ ವಿಷಯ 1939ರಲ್ಲಿ ಪ್ರಕಟವಾಯಿತು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕ ಹೇಳಿದ ಮೂವತ್ತೇಳರ ಲೆಕ್ಕವನ್ನು ಬರುವ ಭಾನುವಾರ ಹಲಗೆಯ ಮೇಲೆ ಆ ಹುಡುಗಿಯಿಂದಲೇ ಮಾಡಿಸುತ್ತೇನೆ. ದೇವಾಲಯ ಸುಟ್ಟ ವರ್ಷವನ್ನು 586 ಎಂದು ಬರೆಯಲೋ 587 ಎಂದು ಬರೆಯಲೋ, ಮೇಷ್ಟ್ರು ದಯವಿಟ್ಟು ತಿಳಿಸಬೇಕು.

ಉತ್ತರ 4 (ಸಾಗರದಿಂದ)

ಎರಡನ್ನೂ ಬರೆಯಿರಿ. ನಾನು ಹೇಳಿದ ವೃತ್ತಾಂತದ ಫಲಕ ನೆಬೂಕದ್ನೆಚ್ಚರನ ಹನ್ನೊಂದನೆಯ ವರ್ಷಕ್ಕೆ ನಿಂತುಹೋಗುತ್ತದೆ. ಆದ್ದರಿಂದ 597ಕ್ಕೆ ಸಿಕ್ಕಿದಂಥ ಹೊರಗಿನ ದಿನಾಂಕ ದೇವಾಲಯದ ನಾಶಕ್ಕೆ ಇಲ್ಲ. ಹತ್ತೊಂಬತ್ತನೆಯ ವರ್ಷ ಎಂಬುದು ಬಾಬೆಲಿನ ಎಣಿಕೆಯಾದರೆ 586ರ ಬೇಸಿಗೆ. ಪಟ್ಟವೇರಿದ ವರ್ಷವನ್ನು ಸೇರಿಸಿದ ಎಣಿಕೆಯಾದರೆ ಅದೇ ಬಾಬೆಲಿನ ಹದಿನೆಂಟು, ಆಗ 587ರ ಬೇಸಿಗೆ. ಯೆರೆಮೀಯ 52ರ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿದಾಗ ನನ್ನ ಒಲವು 587ರ ಕಡೆಗಿದೆ. ಆದರೆ ಯೆಹೂದದ ಕಡೆಯ ಅರಸ ಚಿದ್ಕೀಯನ ಆಳ್ವಿಕೆಯ ಹನ್ನೊಂದು ವರ್ಷಗಳನ್ನು ಶರತ್ಕಾಲದಿಂದ ಎಣಿಸುವವರು 586ನ್ನು ಹಿಡಿಯುತ್ತಾರೆ, ಅವರ ವಾದವನ್ನೂ ತಳ್ಳಿಹಾಕುವಂತಿಲ್ಲ.