ಹೊಟ್ಟೆ ಆಪರೇಷನ್ ಆದ ಮಕ್ಕಳ ಉಸಿರಾಟದ ವ್ಯಾಯಾಮಕ್ಕೆ ನಾವೊ ರೋಬೋಟ್: ಹೇಗೆ ಹೊಂದಿಸುವುದು?

ವಾರ್ಡ್‌ಫಿಸಿಯೊ:
ಮಕ್ಕಳ ಸರ್ಜರಿ ವಾರ್ಡಿಗೆ ನಾವೊ ರೋಬೋಟ್ ಬಂದಿದೆ (ಮನುಷ್ಯಾಕಾರದ ಪುಟ್ಟ ರೋಬೋಟ್, 58 ಸೆಂ.ಮೀ. ಎತ್ತರ, ಸುಮಾರು ಐದೂವರೆ ಕೆ.ಜಿ.). 5ರಿಂದ 10 ವರ್ಷದ ಮಕ್ಕಳಿಂದ ಸ್ಪೈರೋಮೀಟರ್‌ನಲ್ಲಿ (ಆಳವಾಗಿ ಉಸಿರೆಳೆಯುವ ಅಭ್ಯಾಸದ ಸಾಧನ) ಉಸಿರೆಳೆಸಬೇಕು, ಎಬ್ಬಿಸಿ ನಡೆಸಬೇಕು. ನೋವಿಗೆ ಹೆದರಿ ಮೇಲೆಮೇಲೆ ಉಸಿರಾಡುತ್ತಾರೆ, ಕೆಮ್ಮು ಅದುಮಿಕೊಳ್ಳುತ್ತಾರೆ. ಶ್ವಾಸಕೋಶದ ಕೆಳಭಾಗ ಕುಸಿದು ಕಫ ಕಟ್ಟುತ್ತದೆ. ರೋಬೋಟಿನಲ್ಲಿ ಈಗಿರುವ ಹಾಡು, ಕುಣಿತ ಇದಕ್ಕೆ ಉಪಯೋಗವಿಲ್ಲ. ಎಲ್ಲಿ ಇಡಬೇಕು, ಏನು ಹೇಳಿಸಬೇಕು, ಒರೆಸುವುದು ಹೇಗೆ?

ಸರ್ವೊಮೋಟಾರ್:
ಕೊರೆಗ್ರಾಫ್‌ನಲ್ಲಿ (ನಾವೊಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್) ಒಂದೇ ಒಂದು ಸಣ್ಣ ಬಿಹೇವಿಯರ್, ಅಂದರೆ ಚಲನೆಯ ಪ್ರೋಗ್ರಾಂ, ಮಾಡಿ. ಉಸಿರೆಳೆಯುವ ಸೂಚನೆಯಾಗಿ ಮೂರು ಸೆಕೆಂಡಿನಲ್ಲಿ ಎರಡೂ ಕೈ ನಿಧಾನವಾಗಿ ಮೇಲೇಳಲಿ, ಜೊತೆಗೇ ಕಣ್ಣಿನ ಎಲ್‌ಇಡಿ ಬೆಳಗುತ್ತಾ ಹೋಗಲಿ. ಮೂರು ಸೆಕೆಂಡು ತಡೆ, ನಾಲ್ಕು ಸೆಕೆಂಡಿನಲ್ಲಿ ಇಳಿಕೆ. ನಡುವೆ ಎರಡು ಮಾಮೂಲಿ ಉಸಿರಿಗೆ ಬಿಡುವು ಕೊಡಿ, ಇಲ್ಲದಿದ್ದರೆ ಮಗುವಿಗೆ ತಲೆ ಸುತ್ತುತ್ತದೆ. ಇದನ್ನು ರೋಬೋಟಿನೊಳಗೇ ಇನ್‌ಸ್ಟಾಲ್ ಮಾಡಿ. ಲ್ಯಾಪ್‌ಟಾಪ್‌ನಿಂದ ಓಡಿಸಿದರೆ ವೈಫೈ ಕಡಿದಾಗ ಕೈ ಎತ್ತಿಕೊಂಡೇ ನಿಂತುಬಿಡಬಹುದು.

ಮಾತು ಗುರುತಿಸುವ ಸೌಲಭ್ಯ ಬೇಡವೇ ಬೇಡ. ಮಾನಿಟರ್ ಅಲಾರಂ, ಪಕ್ಕದ ಮಗುವಿನ ಅಳು, ಅರಿವಳಿಕೆಯ ಟ್ಯೂಬಿನಿಂದ ಕೆರೆದ ಗಂಟಲಿನ ಕ್ಷೀಣ ದನಿ, ಇಷ್ಟರ ನಡುವೆ ಅದು ಏನೋ ಕೇಳಿಸಿಕೊಂಡು ಇನ್ನೇನೋ ಉತ್ತರ ಕೊಡುತ್ತದೆ. ತಲೆಯ ಮೇಲಿನ ಟಚ್ ಸೆನ್ಸರ್ ಬಳಸಿ: ಒಂದು ಉಸಿರು ಮುಗಿದಾಗ ಮಗು ಮುಟ್ಟಲಿ, ರೋಬೋಟ್ ಎಣಿಸಲಿ. ಡ್ರಿಪ್ ಇಲ್ಲದ ಕೈಯ ಕಡೆಗೇ ಇಡಿ. ಅಟಾನಮಸ್ ಲೈಫ್ (ರೋಬೋಟ್ ತಾನಾಗಿಯೇ ಸುತ್ತಲಿಗೆ ಸ್ಪಂದಿಸುವ ಸ್ಥಿತಿ) ಕೂಡ ಆಫ್ ಇರಲಿ, ಪ್ರತಿ ಸದ್ದಿಗೂ ಅದು ತಲೆ ತಿರುಗಿಸುತ್ತದೆ.

ಹಾಸಿಗೆಯ ಮೇಲೆ ನಿಲ್ಲಿಸಬೇಡಿ. ಮೆತ್ತೆಯಲ್ಲಿ ಆಯ ತಪ್ಪುತ್ತದೆ, ಐದೂವರೆ ಕೆ.ಜಿ. ಹೊಲಿಗೆಯ ಮೇಲೆ ಬಿದ್ದರೆ ಗತಿಯೇನು? ಊಟದ ಟೇಬಲ್ಲಿನ ಚಕ್ರಕ್ಕೆ ಲಾಕ್ ಹಾಕಿ, ಅದರ ಮೇಲೆ ಕುಳಿತ ಭಂಗಿಯಲ್ಲಿ ಇಡಿ. ನಿಂತೇ ಇದ್ದರೆ ಮೊಣಕಾಲಿನ ಮೋಟಾರ್ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಭುಜ, ಮೊಣಕೈ ಸಂದಿಗೆ ಮಗುವಿನ ಬೆರಳು ಸಿಕ್ಕೀತು, ಪಕ್ಕದಲ್ಲೇ ಒಬ್ಬರು ಇರಲಿ.

ನೋವುನಿರ್ವಹಣೆ_ನರ್ಸ್:
ಮೇಲಿನದು ಯಂತ್ರದ ಮಾತಾಯಿತು. ಸಮಯದ ಲೆಕ್ಕ ಅದಕ್ಕಿಂತ ಮುಖ್ಯ. ಬಾಯಿಗೆ ಪ್ಯಾರಾಸಿಟಮಾಲ್ ಕೊಟ್ಟು ಮುಕ್ಕಾಲು ಗಂಟೆ ಆದಮೇಲೆ ರೋಬೋಟ್ ತನ್ನಿ. ತರುವ ಮೊದಲೇ ಮುಖಚಿತ್ರದ ಮಾಪಕದಲ್ಲಿ (ಮುಖಗಳ ಚಿತ್ರ ತೋರಿಸಿ ನೋವು ಅಳೆಯುವ ಪಟ್ಟಿ) ನೋವಿನ ಅಂಕ ತೆಗೆದುಕೊಳ್ಳಿ, ಸುಮ್ಮನಿದ್ದಾಗ ಒಂದು, ಕೆಮ್ಮಿದಾಗ ಒಂದು. ಹತ್ತಕ್ಕೆ ನಾಲ್ಕೋ ಅದಕ್ಕಿಂತ ಹೆಚ್ಚೋ ಇದ್ದರೆ ಮೊದಲು ಔಷಧಿ, ವ್ಯಾಯಾಮ ಆಮೇಲೆ. ನನ್ನ ದೊಡ್ಡ ಆತಂಕ ಇಲ್ಲೇ ಇದೆ: ರೋಬೋಟಿನ ಮುಂದೆ ಮಗುವಿನ ಮುಖ ಅರಳಿರುತ್ತದೆ, ಅದನ್ನು ನೋಡಿ "ನೋವಿಲ್ಲ" ಅಂತ ಬರೆದು ಮುಂದಿನ ಡೋಸ್ ತಪ್ಪಿಸಿಬಿಡುತ್ತಾರೆ. ಗಮನ ಬೇರೆಡೆ ಹೋದರೆ ಗಾಯ ಎಲ್ಲಿಗೂ ಹೋಗಿರುವುದಿಲ್ಲ.

ಹೊಟ್ಟೆ ಹಿಡಿದು ನಗಿಸುವ ಪ್ರೋಗ್ರಾಂ ತೆಗೆದುಹಾಕಿ, ನಕ್ಕರೆ ಹೊಲಿಗೆ ಎಳೆಯುತ್ತದೆ. "ನೋವೇ ಆಗಲ್ಲ" ಅಂತ ಹೇಳಿಸಬೇಡಿ. "ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊ, ನಾನೂ ನಿನ್ ಜೊತೆ ಉಸಿರು ಎಳೀತೀನಿ" ಅನ್ನಿಸಿದರೆ ಸಾಕು. ಮಗು "ಬೇಡ" ಅಂದರೆ ರೋಬೋಟ್ ಹೊರಗೆ.

ಮೊದಲ ಪರಿಚಯ ಆಪರೇಷನ್ನಿನ ಹಿಂದಿನ ದಿನ ಆಗಬೇಕು, ರಿಕವರಿ ರೂಮಿನಲ್ಲಂತೂ ಅಲ್ಲ. ಅರಿವಳಿಕೆಯಿಂದ ಏಳುವಾಗ ಮಕ್ಕಳು ಗೊಂದಲದಲ್ಲಿ ಕಿರುಚಾಡುವುದುಂಟು, ಆಗ ಮಾತಾಡುವ ಗೊಂಬೆ ಕಂಡರೆ ಇನ್ನಷ್ಟು ಬೆದರುತ್ತಾರೆ. ಎಚ್ಚರವಿರುವಷ್ಟು ಹೊತ್ತು ಗಂಟೆಗೆ ಹತ್ತು ಉಸಿರು ಅನ್ನುವುದು ಸಾಮಾನ್ಯ ಸೂಚನೆ. ಅಷ್ಟೂ ಸಲ ರೋಬೋಟ್ ಬರಲಾಗದು, ಬಂದರೂ ಬೇಗ ಹಳಸಲಾಗುತ್ತದೆ. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ಅದು; ಉಳಿದದ್ದು ಅಪ್ಪ ಅಮ್ಮನ ಕೈಯಲ್ಲಿ, ಸ್ಟಿಕರ್ ಪಟ್ಟಿಯ ಜೊತೆ.

ಸೋಂಕುತಡೆ:
ಪ್ರತಿ ಮಗುವಿನ ನಂತರ ಸೋಂಕುನಾಶಕದ ಒದ್ದೆ ವೈಪ್‌ನಿಂದ ಒರೆಸಿ, ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಲಿ. ಸ್ಪ್ರೇ ಮಾಡಿದರೆ ಸ್ಪೀಕರ್ ಮತ್ತು ಗಾಳಿಕಿಂಡಿಯೊಳಗೆ ನೀರಿಳಿಯುತ್ತದೆ. ಕೆಲವು ಪ್ಲಾಸ್ಟಿಕ್ ಆಲ್ಕೋಹಾಲ್‌ಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತವೆ, ಆಮೇಲೆ ರೋಗಾಣು ಅಲ್ಲೇ ಬೀಡುಬಿಡುತ್ತದೆ. ಯಾವ ದ್ರಾವಣ ಆಗುತ್ತದೆಂದು ತಯಾರಕರಿಂದ ಬರಹದಲ್ಲೇ ಪಡೆಯಿರಿ. ಟೋಪಿ, ಅಂಗಿ ತೊಡಿಸಬೇಡಿ. ಮುಟ್ಟುವ ಮೊದಲೂ ಆಮೇಲೂ ಮಗುವಿನ ಕೈ ಶುಚಿ ಮಾಡಿಸಿ. ಐಸೊಲೇಷನ್ ಕೋಣೆಗೆ ಒಯ್ಯಬೇಡಿ.

ವಾರ್ಡ್‌ಫಿಸಿಯೊ:
ನಡಿಗೆಗೆ ರೋಬೋಟನ್ನೇ ಮುಂದೆ ನಡೆಸಬಹುದೇ?

ಸರ್ವೊಮೋಟಾರ್:
ಬೇಡ. ಅದರ ವೇಗ ಸೆಕೆಂಡಿಗೆ ಸುಮಾರು 10 ಸೆಂ.ಮೀ. ಅಷ್ಟೇ, ನೆಲದ ಸಂದಿಗೆ ಕಾಲು ತಾಗಿದರೂ ಮುಗ್ಗರಿಸುತ್ತದೆ. ಕಾಯುತ್ತಾ ನಿಂತ ಮಗುವಿಗೆ ಸುಸ್ತಾಗುತ್ತದೆ. ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ, ಮಗು ಅಲ್ಲಿಗೆ ಹೋಗಲಿ. ಮರುದಿನ ಕುರ್ಚಿಯನ್ನು ಇನ್ನಷ್ಟು ದೂರ ಇಡಿ.

ನೋವುನಿರ್ವಹಣೆ_ನರ್ಸ್:
ಏಳುವ ಮೊದಲು ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಿಸಿ, ಡ್ರಿಪ್ ಸ್ಟ್ಯಾಂಡ್, ಡ್ರೈನ್ (ಗಾಯದ ದ್ರವ ಹೊರಬಿಡುವ ಕೊಳವೆ), ಕ್ಯಾತಿಟರ್ (ಮೂತ್ರದ ಕೊಳವೆ) ಎಲ್ಲ ಒಂದೇ ಬದಿಗೆ ತನ್ನಿ. ಮಗುವನ್ನು ಹಿಡಿದವರು ರೋಬೋಟ್ ನಡೆಸುವ ಟ್ಯಾಬ್ ಮುಟ್ಟಬಾರದು, ಅದಕ್ಕೆ ಇನ್ನೊಬ್ಬರು ಬೇಕು. ಕ್ಯಾಮೆರಾ ರೆಕಾರ್ಡಿಂಗ್ ಆಫ್ ಆಗಿದೆಯೇ ಎಂದು ಅವರೇ ನೋಡಿಕೊಳ್ಳಲಿ.