‘ನವೀಕರಣ’ ಅಂದರೆ ದುಡ್ಡು ಕಟ್ಟುವುದೇ?

ಮೂಡಿಗೆರೆಯಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಗಿರಾಕಿಗಳಿಗೆ ಕೊಡಲು ಕನ್ನಡದಲ್ಲೊಂದು ಚೀಟಿ ಅಚ್ಚು ಹಾಕಿಸಿದ್ದೆ. ‘ಆಂಟಿವೈರಸ್ ತಪ್ಪದೆ ನವೀಕರಿಸಿ’ ಎಂಬ ಸಾಲು ಅದರಲ್ಲಿತ್ತು. ಹೋದ ವಾರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. ‘ನವೀಕರಣಕ್ಕೆ ದುಡ್ಡು ಕಟ್ಟಿ ಎರಡು ತಿಂಗಳಾಗಿಲ್ಲ ಸಾರ್, ಮತ್ತೆ ಕೇಳ್ತಿದೆ. ಕೊಡ್ಲಾ, ಬೇಡ್ವಾ?’ ಕೇಳ್ತಿರೋದು ದುಡ್ಡು ಅಂದುಕೊಂಡು ಪರದೆ ಮೇಲೆ ಆಂಟಿವೈರಸ್ ತೋರಿಸುವ ಕಿಟಕಿಯನ್ನು ಹದಿನೈದು ದಿನ ಸುಮ್ನೆ ಮುಚ್ಚುತ್ತಾ ಬಂದಿದ್ದರಂತೆ.

ತಪ್ಪು ಅವರದಲ್ಲ, ನಾನು ಹಾಕಿದ ಪದದ್ದು. ಲೈಸೆನ್ಸ್ ನವೀಕರಣ, ಬೆಳೆಸಾಲದ ನವೀಕರಣ, ಬಸ್ ಪಾಸ್ ನವೀಕರಣ. ಈ ಪದ ಬಂದಲ್ಲೆಲ್ಲ ಅವಧಿ ಮುಗಿದಿರುತ್ತದೆ, ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ. ದೇವಸ್ಥಾನದ ನವೀಕರಣ ಅಂದರೂ ರಸೀದಿ ಪುಸ್ತಕ ಬಂತು ಅಂತಲೇ ಅರ್ಥ!

ಆಂಟಿವೈರಸ್‌ನಲ್ಲಿ ಈ ಒಂದೇ ಪದ ಮೂರು ಕೆಲಸಕ್ಕೆ ನಿಂತಿದೆ. ವರ್ಷದ ಚಂದಾ ಕಟ್ಟುವುದು ಒಂದು. ದಿನವೂ ಬರುವ ಹೊಸ ವೈರಸ್‌ಗಳ ಗುರುತನ್ನು ಇಳಿಸಿಕೊಳ್ಳುವುದು ಇನ್ನೊಂದು. ತಂತ್ರಾಂಶವನ್ನೇ ಹೊಸದಕ್ಕೆ ಬದಲಿಸುವುದು ಮತ್ತೊಂದು. ಚಂದಾ ವಿಷಯಕ್ಕೆ ‘ನವೀಕರಣ’ ಇರಲಿ, ಅಲ್ಲಿ ಅದು ಸರಿಯಾಗಿ ಕೂರುತ್ತದೆ.

ಎರಡನೆಯದಕ್ಕೆ ಕೆಲವರು ‘ವೈರಸ್ ಸಹಿ’ ಎನ್ನುತ್ತಾರೆ. ವೈರಸ್ ಎಲ್ಲಿ ಸಹಿ ಹಾಕುತ್ತದೆ? ಕಾಣೆಯಾದವರ ಬಗ್ಗೆ ಪೊಲೀಸರು ಕೊಡುವ ಪ್ರಕಟಣೆಯಲ್ಲಿ ‘ಚಹರೆ’ ಅಂತ ಇರುತ್ತದಲ್ಲ, ಆ ಪದ ನನಗೆ ಹಿಡಿಸಿದೆ. ವೈರಸ್‌ಗಳ ಚಹರೆಪಟ್ಟಿ. ‘ಹೊಸ ಚಹರೆಪಟ್ಟಿ ಬಂದಿದೆ, ತಗೊಳ್ಳಿ’ ಅಂದರೆ ದುಡ್ಡಿನ ಗೊಂದಲವೇ ಇಲ್ಲ.

ಮೂರನೆಯದೇ ಕಷ್ಟ. ‘ಹೊಸ ಆವೃತ್ತಿ’ ಪುಸ್ತಕಕ್ಕೆ ಸರಿ, ಅಂಗಡಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಆದರೂ ಬೇರೆ ಪದ ಬೇಕು, ಯಾಕೆಂದರೆ ಇಲ್ಲಿ ಸಲಹೆಯೂ ಬೇರೆ. ಚಹರೆಪಟ್ಟಿ ಕೇಳಿದರೆ ಆಗಲೇ ಕೊಟ್ಟುಬಿಡಿ ಅನ್ನುತ್ತೇನೆ. ತಂತ್ರಾಂಶವೇ ಬದಲಾಗುವುದಾದರೆ ಮೊದಲು ಲೆಕ್ಕದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಕೂಲಿ ಬಟವಾಡೆ ಮುಗಿಸಿ ಸಂಜೆ ಕೊಡಿ. ಎರಡರಲ್ಲೂ ಆಂಟಿವೈರಸ್ ಒಳಗಿನಿಂದಲೇ ಕೊಡಬೇಕು. ಯಾವುದೋ ವೆಬ್‌ಸೈಟ್ ನೋಡುವಾಗ ಎದ್ದು ಬರುವ ಕಿಟಕಿಯನ್ನು ನಂಬಬಾರದು.

ಪಟ್ಟಿ ಚಿಕ್ಕದು, ಅದರಿಂದ ಏನೂ ಆಗದು ಅಂತಲೂ ಹೇಳಲಾರೆ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಇಂಥದೇ ಒಂದು ಪುಟ್ಟ ಫೈಲಿನ ದೋಷಕ್ಕೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಹಾಗಂತ ಕೊಡದೇ ಇದ್ದರೆ ಅಪಾಯ ಇನ್ನೂ ಜಾಸ್ತಿ. 2017ರ ಮೇನಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ವೈರಸ್ ಹರಡಿದಾಗ ಅದು ನುಗ್ಗಿದ ವಿಂಡೋಸ್ ಕಂಡಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಅಂದಹಾಗೆ ರೈಟರ್ ಮಾತಿನ ‘ಕೇಳ್ತಿದೆ, ಕೊಡ್ಲಾ’ ಗಮನಿಸಿ. ಫೋನ್ ಅಪ್‌ಡೇಟ್ ಕೇಳುತ್ತದೆ, ನಾವು ಕೊಡುತ್ತೇವೆ. ಕೊಡುವವರು ಕಂಪನಿಯವರು, ಆದರೂ ಮಾತಿನಲ್ಲಿ ಕೊಡುಗೈ ನಮ್ಮದೇ! ಹಾಸನ, ಸಕಲೇಶಪುರದ ಕಡೆಯೂ ಹೀಗೇ ಅಂತೀರಾ? ಮತ್ತೆ ಆ ಮೂರನೆಯದಕ್ಕೆ ನಿಮ್ಮಲ್ಲಿ ಏನು ಪದವಿದೆ? ಚೀಟಿ ಮತ್ತೆ ಅಚ್ಚಿಗೆ ಕೊಡಬೇಕು.